ಮೈದಾನದಲ್ಲಿ ಬಾಯಿ ಬಿಡದ ಹುಡುಗಿಯರು: ತಮ್ಮನಿಗೊಂದು ಪತ್ರ

ಪೆನ್ಸಿಲ್ವೇನಿಯಾ
ಸೆಪ್ಟೆಂಬರ್, ಭಾನುವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಂಡು ಸುಮ್ನೆ ಕೂತಿದ್ದಾಳೋ, ಡಾಕ್ಟರ ಹತ್ರ ಹೋದಳೋ ಬರಿ. ಅಪ್ಪಾಜಿ ಬೆಳಿಗ್ಗೆ ಅಮಾನಿಕೆರೆ ಕಡೆ ವಾಕಿಂಗ್ ಹೋಗೋದು ನಿಲ್ಲಿಸಿಲ್ಲ ತಾನೆ? ಈ ಪತ್ರವನ್ನು ಅವರಿಬ್ಬರಿಗೂ ಓದಿ ಹೇಳು. ಹಾಕಿ ಆಟದ ವಿಷಯ ಬಂದ ಕಡೆ ಹಾರಿಸಬೇಡ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳೋಕೆ ಆಗಲಿಲ್ಲ. ನಿನಗೆ ಮಲಗೋ ಹೊತ್ತು, ನನಗೆ ಮಧ್ಯಾಹ್ನದ ಕ್ಲಾಸಿನ ಗಂಟೆ. "ಹುಡುಗಿಯರಿಗೆ ಓಡೋ ಶಕ್ತಿ ಇದೆ ಅಕ್ಕ, ಧೈರ್ಯವೇ ಇಲ್ಲ. ದಿನಾ ಹುರಿದುಂಬಿಸ್ತೀನಿ, ತಲೆ ತಗ್ಗಿಸಿಕೊಂಡು ನಿಲ್ತಾರೆ" ಅಂದೆಯಲ್ಲ, ಆಗಿನಿಂದ ಅದೇ ತಲೆಯಲ್ಲಿ ಓಡುತ್ತಿದೆ. ಮಧುಗಿರಿ ಕಡೆ ಹಳ್ಳಿಯ ಹೈಸ್ಕೂಲಿನಲ್ಲಿ, ಹಳೇ ವಿದ್ಯಾರ್ಥಿಗಳು ಕೊಟ್ಟ ಸ್ಟಿಕ್ ಇಟ್ಟುಕೊಂಡು ಹುಡುಗಿಯರ ಹಾಕಿ ತಂಡ ಕಟ್ಟೋಕೆ ಹೊರಟಿದ್ದೀಯ. ಖೋಖೋ, ಕಬಡ್ಡಿ, ಥ್ರೋಬಾಲ್ ಬಿಟ್ಟು ಬೇರೆ ನೋಡದ ಮಕ್ಕಳು. ಅವರು ಹೆದರದೆ ಇದ್ದರೇ ಆಶ್ಚರ್ಯ.

ನನ್ನ ಮಾತು ಕೇಳು. ಹುರಿದುಂಬಿಸೋದನ್ನು ಸ್ವಲ್ಪ ಕಡಿಮೆ ಮಾಡು. ಅಮ್ಮ ನನಗೆ ಮುದ್ದೆ ತೊಳಸೋದನ್ನು ಹೇಗೆ ಕಲಿಸಿದಳು? "ನಿನ್ನ ಕೈಯಲ್ಲಿ ಆಗುತ್ತೆ ಮಗಳೇ" ಅಂತ ಒಂದು ದಿನವೂ ಅನ್ನಲಿಲ್ಲ. ಕೋಲು ಕೈಗೆ ಕೊಟ್ಟು, ಪಾತ್ರೆ ಎಲ್ಲಿ ಹಿಡಿಯಬೇಕು ಅಂತ ತೋರಿಸಿ ಹಸು ಕಟ್ಟೋಕೆ ಹೋದಳು. ನಿನ್ನ ಹುಡುಗಿಯರಿಗೂ ಹಾಗೇ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಕೊಡು. ಚಿಕ್ಕದಿರಲಿ, ಆದರೆ ಅದು ಅವಳದೇ ಆಗಿರಲಿ.

ಇಲ್ಲಿ ನಮ್ಮ ಶಾಲೆಯ ಹಾಕಿ ತಂಡದ ಒಬ್ಬ ಹುಡುಗಿಯ ವಿಷಯ ಹೇಳ್ತೀನಿ. ಒಂಬತ್ತನೇ ಕ್ಲಾಸು, ಕುಳ್ಳಿ, ಮಾತೇ ಇಲ್ಲ. ಯಾರಾದರೂ ಅವಳಿಗೆ ಪಾಸ್ ಕೊಟ್ಟರೆ ಬಿಸಿ ಕೆಂಡ ಬಂತೇನೋ ಅನ್ನೋ ಥರ ಪಕ್ಕದವಳಿಗೆ ದಾಟಿಸಿಬಿಡುತ್ತಿದ್ದಳು. ನಮ್ಮ ಮುಖ್ಯ ಕೋಚ್ ಅವಳನ್ನು, ಎದುರಿನವರ ತಪ್ಪಿಗೆ ಸಿಗೋ ಗೋಲ್ ಅವಕಾಶವಾದ ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡು ಪುಷ್ ಮಾಡೋಕೆ ಹಾಕಿದರು. ನಿನಗೆ ಗೊತ್ತಲ್ಲ, ಗೋಲ್ ಕಂಬದಿಂದ ಕಡಿಮೆ ಅಂದರೆ 10 ಮೀಟರ್ ದೂರದಲ್ಲಿ, ಹಿಂದಿನ ಗೆರೆಯ ಮೇಲೆ ಚೆಂಡು ಇಟ್ಟು ಡಿ (ಗೋಲಿನ ಮುಂದಿನ ಅರ್ಧವೃತ್ತ) ಹೊರಗೆ ನಿಂತ, ಚೆಂಡು ತಡೆದು ನಿಲ್ಲಿಸುವ ಸ್ಟಾಪರ್‌ಗೆ ತಳ್ಳಬೇಕು. ಎದುರಿನ ತಂಡದಲ್ಲಿ ಗೋಲ್‌ಕೀಪರ್ ಸೇರಿ ಐದೇ ಜನ ಗೆರೆಯ ಹಿಂದೆ, ಮಿಕ್ಕವರೆಲ್ಲ ಮಧ್ಯದ ಗೆರೆ ಆಚೆ. ಅವಳು ತಳ್ಳುವ ತನಕ ಯಾರೂ ಗೆರೆ ದಾಟೋ ಹಾಗಿಲ್ಲ. ಯೋಚನೆ ಮಾಡು, ಕ್ಲಾಸಿನಲ್ಲಿ ಕೈ ಎತ್ತಿ ನೀರಿಗೆ ಹೋಗ್ತೀನಿ ಅಂತ ಕೇಳೋಕೂ ನಾಚುವ ಹುಡುಗಿಗಾಗಿ ಇಡೀ ಮೈದಾನ ಕಾಯುತ್ತೆ!

ಪ್ರಾಕ್ಟೀಸ್ ಮುಗಿದ ಮೇಲೆ ಒಂದು ಬಕೆಟ್ ಚೆಂಡು ಇಟ್ಟುಕೊಂಡು ಅದೊಂದನ್ನೇ ಮಾಡುತ್ತಿದ್ದಳು. ಎಡಗಾಲು ಎಲ್ಲಿ, ಸೊಂಟ ಎಷ್ಟು ಬಗ್ಗಬೇಕು, ಚೆಂಡು ನೆಲ ಬಿಟ್ಟು ಪುಟಿಯದ ಹಾಗೆ ಹೇಗೆ ಎಳೆದು ತಳ್ಳಬೇಕು. ಕೋಚ್ "ಶಭಾಷ್" ಅಂದಿದ್ದು ಕಡಿಮೆ. "ಇದು ಪುಟಿಯಿತು, ಇದು ನೇರ ಹೋಯ್ತು" ಅಂತ ಕಣ್ಣಿಗೆ ಕಂಡದ್ದನ್ನು ಹೇಳುತ್ತಿದ್ದರು, ಅಷ್ಟೇ. ಕೆಲವು ವಾರ ಕಳೆದ ಮೇಲೆ ನೋಡಿದರೆ ಈ ಹುಡುಗಿ ತನಗಿಂತ ದೊಡ್ಡವಳಾದ ಸ್ಟಾಪರ್‌ಗೆ "ಇನ್ನೊಂದು ಹೆಜ್ಜೆ ಬಲಕ್ಕೆ ನಿಲ್ಲು" ಅಂತಿದ್ದಾಳೆ. ನಾವು ಮುಖ ಮುಖ ನೋಡಿಕೊಂಡೆವು. ಧೈರ್ಯದ ಬಗ್ಗೆ ಅವಳ ಹತ್ರ ಯಾರೂ ಒಂದು ಮಾತೂ ಆಡಿರಲಿಲ್ಲ.

ಸುಳ್ಳು ಹೊಗಳಿಕೆ ಮಕ್ಕಳಿಗೆ ತಕ್ಷಣ ತಿಳಿಯುತ್ತೆ ಕಣೋ. ಐದು ಗೋಲು ಬಿಟ್ಟು ಸೋತು ಬಂದವಳಿಗೆ "ಸೂಪರ್ ಆಡಿದೆ" ಅಂದರೆ ನಾಳೆಯಿಂದ ನಿನ್ನ ಯಾವ ಮಾತನ್ನೂ ನಂಬಲ್ಲ. ಬೈಯೋದೂ ಬೇಡ. ಅದರಲ್ಲೂ ಆಟದ ಮಧ್ಯೆ ಗೆರೆಯಿಂದ ಕಿರುಚಬೇಡ. ತಪ್ಪು ಮಾಡಿದವಳು ಮೊದಲು ನೋಡೋದು ಚೆಂಡನ್ನಲ್ಲ, ಮೇಷ್ಟ್ರ ಮುಖವನ್ನ. ಅಲ್ಲಿ ಸಿಟ್ಟು ಕಂಡರೆ ಮುಂದಿನ ಚೆಂಡೂ ಹೋಯಿತು ಅಂತ ತಿಳಿ. ಇಲ್ಲಿ ನಾವು ಒಂದು ಪದ್ಧತಿ ಇಟ್ಟುಕೊಂಡಿದ್ದೀವಿ. ತಪ್ಪಾದ ತಕ್ಷಣ ಆ ಹುಡುಗಿಗೆ ಮುಂದಿನ ಕೆಲಸ ಮಾತ್ರ ಹೇಳೋದು: "ಹಿಂದಕ್ಕೆ ಓಡು", "ನಂಬರ್ ಏಳನ್ನು ಹಿಡಿ". ಆದದ್ದರ ವಿಚಾರಣೆ ನಾಳೆ ಪ್ರಾಕ್ಟೀಸಿನಲ್ಲಿ.

ಬಾಯಿ ಬಿಡಿಸೋಕೆ ಒಂದು ಉಪಾಯ ಇದೆ. ಮೂರು ಮೂರು ಜನರ ಚಿಕ್ಕ ಆಟ ಆಡಿಸು. ಹೆಸರು ಕೂಗದೆ ಪಾಸ್ ಕೊಟ್ಟರೆ ಚೆಂಡು ಎದುರು ತಂಡಕ್ಕೆ. ಮೊದಲ ದಿನ ನಗುತ್ತಾರೆ, ಆಮೇಲೆ ಮೈದಾನದಲ್ಲಿ ಸಂತೆ ಗಲಾಟೆ. ಇದರಿಂದ ಇನ್ನೊಂದು ಲಾಭವೂ ಇದೆ. ಹಾಕಿ ಮೈದಾನ 91 ಮೀಟರ್ ಉದ್ದ, 55 ಮೀಟರ್ ಅಗಲ. ಅಷ್ಟು ದೊಡ್ಡದರಲ್ಲಿ ಹನ್ನೊಂದು ಹನ್ನೊಂದು ಜನ ಬಿಟ್ಟರೆ ಚುರುಕಾದ ಮೂವರೇ ಆಡ್ತಾರೆ, ಮಿಕ್ಕವರು ಓಡಾಡಿ ಮನೆಗೆ ಹೋಗ್ತಾರೆ. ಚೆಂಡು ಮುಟ್ಟದೆ ಯಾರಿಗೆ ತಾನೆ ಧೈರ್ಯ ಬರುತ್ತೆ?

ಎಡಚ ಹುಡುಗಿ ಯಾರಾದರೂ ಇದ್ದಾಳಾ ನೋಡು. ಹಾಕಿಯಲ್ಲಿ ಎಡಗೈ ಸ್ಟಿಕ್ ಅಂತ ಬೇರೆ ಇಲ್ಲ, ನಿಯಮದಲ್ಲೇ ಅವಕಾಶ ಇಲ್ಲ. ಎಲ್ಲರದೂ ಒಂದೇ ಥರ, ಚಪ್ಪಟೆ ಬದಿಯಿಂದಲೇ ಆಡಬೇಕು. ಆದರೆ ಹಿಡಿಯಲ್ಲಿ ಎಡಗೈ ಮೇಲೆ ಇರುತ್ತೆ, ಸ್ಟಿಕ್ ತಿರುಗಿಸೋದೆಲ್ಲ ಆ ಕೈಯೇ. ಎಡಗೈಲಿ ತಿಂದರೆ, ಎಡಗೈಲಿ ಕೊಟ್ಟರೆ ಬೈಸಿಕೊಂಡೇ ಬೆಳೆದವಳಿಗೆ ಇದನ್ನು ಮೊದಲ ದಿನವೇ ಹೇಳು.

ಇಲ್ಲಿನ ಸುದ್ದಿ ಸ್ವಲ್ಪ. ಬರೀ ಹಾಕಿ ಅಂದರೆ ಇವರಿಗೆ ಐಸ್ ಮೇಲೆ ಆಡೋದು. ನಮ್ಮದು ಫೀಲ್ಡ್ ಹಾಕಿ, ಅದೂ ಹೈಸ್ಕೂಲಿನಲ್ಲಿ ಹೆಚ್ಚುಕಡಿಮೆ ಹುಡುಗಿಯರದೇ ಆಟ. 1901ರಲ್ಲಿ ಇಂಗ್ಲೆಂಡಿನಿಂದ ಬಂದ ಕಾನ್‌ಸ್ಟನ್ಸ್ ಆಪಲ್‌ಬಿ ಅನ್ನೋ ಮೇಡಂ ಇಲ್ಲಿನ ಹುಡುಗಿಯರ ಕಾಲೇಜುಗಳಲ್ಲಿ ಕಲಿಸಿದರಂತೆ, ಅಲ್ಲಿಂದ ಹಬ್ಬಿತು. ನಮ್ಮ ಭಾರತದ ಗಂಡಸರ ತಂಡಕ್ಕೆ ಒಲಿಂಪಿಕ್ಸ್‌ನಲ್ಲಿ ಎಂಟು ಚಿನ್ನ ಬಂದಿದೆ ಅಂದಾಗ "ಗಂಡಸರೂ ಆಡ್ತಾರಾ?" ಅಂತ ಕೇಳಿದಳು ಒಬ್ಬಳು! ಕೊಡಗಿನ ಕೌಟುಂಬಿಕ ಹಾಕಿ ಹಬ್ಬದ ಬಗ್ಗೆಯೂ ಹೇಳಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ್ದು, ಒಂದು ಮನೆತನಕ್ಕೆ ಒಂದು ತಂಡ, ಹೆಂಗಸರು ಗಂಡಸರು ಮಕ್ಕಳು ಎಲ್ಲ ಒಟ್ಟಿಗೆ ಅಂತ. ಮೈಸೂರು ಹಾಸ್ಟೆಲಿನಲ್ಲಿ ನನಗೆ ಸ್ಟಿಕ್ ಹಿಡಿಯೋಕೆ ಕಲಿಸಿದ್ದು ಆ ಕೊಡಗಿನ ಹುಡುಗಿಯರೇ ಅಲ್ವಾ.

ಇಲ್ಲಿನ ಹುಡುಗಿಯರು ಹುಟ್ಟಿನಿಂದಲೇ ಧೈರ್ಯವಂತರು ಅಂತ ಅಮ್ಮ ಅಂದುಕೊಂಡಿದ್ದಾಳೆ. ಹಾಗೇನಿಲ್ಲ. ಆಗಸ್ಟ್‌ನಲ್ಲಿ ಆಯ್ಕೆ ನಡೆಯುವಾಗ ಅಳುವವರು ಇಲ್ಲೂ ಇದ್ದಾರೆ, ಮಗಳನ್ನು ಯಾಕೆ ಕೂರಿಸಿದಿರಿ ಅಂತ ಜಗಳಕ್ಕೆ ಬರುವ ಅಪ್ಪಂದಿರೂ ಇದ್ದಾರೆ. ಆದರೆ 1972ರಲ್ಲಿ ಟೈಟಲ್ ನೈನ್ ಅಂತ ಒಂದು ಕಾನೂನು ಬಂತು. ಸರ್ಕಾರದ ದುಡ್ಡು ಪಡೆಯುವ ಶಾಲೆ ಹುಡುಗ ಹುಡುಗಿ ಅಂತ ಭೇದ ಮಾಡೋ ಹಾಗಿಲ್ಲ. ಇದರಿಂದ ಹುಡುಗಿಯರ ತಂಡಕ್ಕೂ ಮೈದಾನ, ಬಸ್ಸು, ಬಟ್ಟೆ, ಕೋಚ್ ಎಲ್ಲ ಕೇಳಿ ಪಡೆಯೋಕೆ ಆಯಿತು. ಇದನ್ನು ಯಾಕೆ ಹೇಳ್ತಿದ್ದೀನಿ ಅಂದರೆ, ನೀನು ಧೈರ್ಯ ಇಲ್ಲ ಅಂದುಕೊಂಡಿರೋದರಲ್ಲಿ ಅರ್ಧ ಬಟ್ಟೆಯ ತೊಂದರೆ ಇರಬಹುದು. ವೇಲ್ ಪಿನ್ ಮಾಡಿಕೊಂಡು ಬಗ್ಗಿ ಆಡೋಕೆ ಯಾವ ಹುಡುಗಿಗೂ ಆಗಲ್ಲ. ಟ್ರ್ಯಾಕ್ ಪ್ಯಾಂಟು, ಸಡಿಲ ಟೀ ಶರ್ಟು ಮೊದಲು ಕೊಡಿಸು. ಶೌಚಾಲಯದ ಬೀಗದ ಕೈ ಆಟದ ಹೊತ್ತಿನಲ್ಲಿ ಯಾರ ಹತ್ರ ಇರುತ್ತೆ ಕೇಳು. ಒಬ್ಬರು ಮೇಡಮ್ಮನ್ನೋ, ಬಿಸಿಯೂಟದ ಅಕ್ಕನನ್ನೋ ಸಂಜೆ ಜೊತೆಗಿರೋಕೆ ಕೇಳಿಕೋ. ಹೊಟ್ಟೆನೋವು ಅಂತ ನಿನ್ನ ಹತ್ರ ಹೇಳಲಾರರು, ಅವರ ಹತ್ರ ಹೇಳ್ತಾರೆ. ಊರಿನ ಬಸ್ಸು ತಪ್ಪದ ಹಾಗೆ ಬಿಡು. ಒಂದು ದಿನ ಕತ್ತಲಾದರೆ ಮಾರನೇ ದಿನ ನಾಲ್ಕು ಜನ ಬರಲ್ಲ.

ಇನ್ನೊಂದು ವಿಷಯದಲ್ಲಿ ನಾನು ಅಕ್ಕನಾಗಿ ಆಣತಿ ಕೊಡ್ತಿದ್ದೀನಿ. ಪ್ಯಾಡು, ಹೆಲ್ಮೆಟ್ ಇಲ್ಲದೆ ಯಾರನ್ನೂ ಗೋಲಿನಲ್ಲಿ ನಿಲ್ಲಿಸಬೇಡ. ಚೆಂಡು 156ರಿಂದ 163 ಗ್ರಾಂ ತೂಗುತ್ತೆ, ಕಲ್ಲಿನ ಹಾಗೇ ಗಟ್ಟಿ. ನಿಮ್ಮ ಗರಸು ಮಣ್ಣಿನಲ್ಲಿ ಎತ್ತ ಪುಟಿಯುತ್ತೋ ದೇವರಿಗೇ ಗೊತ್ತು. ಕಿಟ್ ಬರೋ ತನಕ ಎರಡು ಕಲ್ಲಿಟ್ಟು ಚಿಕ್ಕ ಗೋಲು ಮಾಡಿ, ಕೀಪರ್ ಇಲ್ಲದೆ ಆಡಿಸು. ಜೋರು ಹಿಟ್ ಸದ್ಯಕ್ಕೆ ಬೇಡ, ಪುಷ್ ಸಾಕು. ಶಿನ್ ಗಾರ್ಡ್ ತುಮಕೂರಿನಲ್ಲಿ ಫುಟ್‌ಬಾಲಿನದೇ ಸಿಗುತ್ತೆ, ನಡೆಯುತ್ತೆ. ಒಂದು ಸಲ ಮೊಣಕಾಲ ಕೆಳಗೆ ಬಿದ್ದ ಏಟಿನ ಹೆದರಿಕೆ ತಿಂಗಳಾದರೂ ಹೋಗಲ್ಲ.

ಸೋಲಿನ ಬಗ್ಗೆ ನೀನು ಕೇಳಿದ್ದೆ. ಜಿಲ್ಲಾ ಮಟ್ಟಕ್ಕೆ ಹೋದರೆ ನಿಮ್ಮವರು ಹೀನಾಯವಾಗಿ ಸೋಲಬಹುದು, ನಿಜ. ಹೋಗೋ ಮುಂಚೆಯೇ ಅದನ್ನು ನೇರವಾಗಿ ಹೇಳು, ಜೊತೆಗೆ ಗೋಲಿನ ಲೆಕ್ಕ ಬಿಟ್ಟು ಬೇರೆ ಲೆಕ್ಕ ಕೊಡು: ಎಷ್ಟು ಸಲ ಎದುರಿನವರ ಡಿ ಒಳಗೆ ಚೆಂಡು ಒಯ್ದೆವು, ಎಷ್ಟು ಕಾರ್ನರ್ ಗಿಟ್ಟಿಸಿದೆವು. ಟೋಕಿಯೊ ಒಲಿಂಪಿಕ್ಸ್‌ನ ನಮ್ಮ ಹೆಂಗಸರ ತಂಡದ ಕಥೆ ಹೇಳು. 2021ರಲ್ಲಿ ನೆದರ್ಲೆಂಡ್ಸ್ ಎದುರು 1–5, ಜರ್ಮನಿ ಎದುರು 0–2, ಬ್ರಿಟನ್ ಎದುರು 1–4. ಮೊದಲ ಮೂರೂ ಪಂದ್ಯ ಸೋಲು. ಆಮೇಲೆ ಐರ್ಲೆಂಡ್ ಮೇಲೆ 1–0. ದಕ್ಷಿಣ ಆಫ್ರಿಕಾ ಮೇಲೆ 4–3, ಅದರಲ್ಲಿ ವಂದನಾ ಕಟಾರಿಯಾ ಒಬ್ಬಳದೇ ಮೂರು ಗೋಲು. ಕ್ವಾರ್ಟರ್ ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು ಗುರ್ಜಿತ್ ಕೌರ್ ಹೊಡೆದ ಒಂದೇ ಕಾರ್ನರ್ ಗೋಲಿನಿಂದ ಮನೆಗೆ ಕಳಿಸಿದರು, ಮಿಕ್ಕ ಹೊತ್ತೆಲ್ಲ ಸವಿತಾ ಗೋಲಿಗೆ ಅಡ್ಡ ನಿಂತಳು. ಕೊನೆಗೆ ಪದಕ ಸಿಗಲಿಲ್ಲ, ಕಂಚಿನ ಪಂದ್ಯದಲ್ಲಿ ಬ್ರಿಟನ್ ಎದುರು 3–4ರಲ್ಲಿ ಸೋತು ನಾಲ್ಕನೇ ಸ್ಥಾನ. ಅದನ್ನೂ ಮುಚ್ಚಿಡದೆ ಹೇಳು. ಮೊಬೈಲಿನಲ್ಲಿ ಆಸ್ಟ್ರೇಲಿಯಾ ಪಂದ್ಯ ತೋರಿಸಿದರೆ ಇನ್ನೂ ಒಳ್ಳೇದು.

ಹೆಡ್ ಮಾಸ್ಟರು "ಎಸ್‌ಎಸ್‌ಎಲ್‌ಸಿ ಮಕ್ಕಳನ್ನು ಆಟಕ್ಕೆ ಎಳೀಬೇಡಿ" ಅಂತಾರೆ ಅಂದೆ. ಅವರ ಜೊತೆ ವಾದ ಬೇಡ. ಎಂಟು, ಒಂಬತ್ತರ ಮಕ್ಕಳನ್ನು ಹಿಡಿದುಕೋ, ನಿನಗೆ ಇನ್ನೂ ಒಂದೆರಡು ವರ್ಷ ಸಿಗುತ್ತೆ.

ಡಿಸೆಂಬರಿನಲ್ಲಿ ಪಕ್ಕದ ಮನೆಯವರು ಬೆಂಗಳೂರಿಗೆ ಬರ್ತಿದ್ದಾರೆ. ನಮ್ಮ ಶಾಲೆಯಲ್ಲಿ ಹಳೇ ಗೋಲ್‌ಕೀಪರ್ ಕಿಟ್ ಒಂದನ್ನು ಕೊಡೋಕೆ ಒಪ್ಪಿದ್ದಾರೆ, ಆದರೆ ಲೆಗ್ ಗಾರ್ಡ್ ದೊಡ್ಡದು. ಗೋಲ್ ಕೀಪರ್ ಮಾಡಬೇಕು ಅಂತ ನೀನು ಅಂದುಕೊಂಡಿರೋ ಹುಡುಗಿಯ ಎತ್ತರ, ಪಾದದಿಂದ ಮೊಣಕಾಲಿನ ತನಕ ಅಳತೆ ತೆಗೆದು ವಾಟ್ಸ್ಆಪ್‌ನಲ್ಲಿ ಹಾಕು. ಅವಳಿಗೆ ಇಷ್ಟ ಇದೆಯಾ ಅಂತ ಮೊದಲು ಕೇಳು. ಎಲ್ಲರೂ ಬೇಡ ಅಂದ ಜಾಗಕ್ಕೆ ಬಡಪಾಯಿಯನ್ನು ನೂಕಬೇಡ.

ಅಮ್ಮನಿಗೆ ಹೇಳು, ಚಟ್ನಿಪುಡಿ ಮುಗಿದಿದೆ. ಅದೇ ಪಕ್ಕದ ಮನೆಯವರ ಕೈಲಿ ವಾಪಸ್ ಕಳಿಸಿದರೆ ಸಾಕು.

ಇಂತಿ ನಿನ್ನ ಅಕ್ಕ