ಥೀಸಿಸ್ ಕೊಟ್ಟಾಯ್ತು, ಇನ್ನು ಥ್ಯಾಂಕ್ಸ್ ಹೇಳಬೇಕು

ಮೊನ್ನೆ ಸೋಮವಾರ ಪಿಎಚ್‌ಡಿ ಥೀಸಿಸ್ ಸಲ್ಲಿಸಿದೆ. ಸಿಡಿಯುವ ನಕ್ಷತ್ರಗಳನ್ನು, ಅಂದರೆ ಸೂಪರ್‌ನೋವಾಗಳನ್ನು, ಮಷಿನ್ ಲರ್ನಿಂಗ್‌ನಿಂದ ವಿಂಗಡಿಸುವುದು ನನ್ನ ಕೆಲಸ. ಬೆಳಕು ಎಷ್ಟು ಬೇಗ ಏರಿತು, ಹೇಗೆ ಇಳಿಯಿತು ಅಂತ ನೋಡಿ ಪ್ರೋಗ್ರಾಂ ಬಗೆ ಹೇಳಬೇಕು.

ತೀರ್ಥಹಳ್ಳಿಯ ಮನೆಯಲ್ಲಿ ಅಮ್ಮ ಅಡಿಕೆ ಆರಿಸುತ್ತಾ ಕೂತಿದ್ದಾಗ ಇದನ್ನೆಲ್ಲ ವಿವರಿಸಿದ್ದೆ. ರಾಶಿ, ಬೆಟ್ಟೆ, ಗೊರಬಲು ಅಂತ ಅವಳ ಕೈ ತಾನಾಗೇ ಬೇರೆ ಮಾಡುತ್ತಿತ್ತು. "ಮೊದಲು ಯಾರಾದ್ರೂ ಆರಿಸಿ ತೋರಿಸಬೇಕಲ್ವಾ ಅದಕ್ಕೆ?" ಅಂದಳು.

ಹೌದಮ್ಮ. ಬಗೆ ಖಚಿತವಾಗಲು ರೋಹಿತ ಬೇಕು, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಸ್ಪೆಕ್ಟ್ರಮ್. ಅದರಲ್ಲಿ ಸಿಲಿಕಾನ್ ಬೆಳಕು ಹೀರಿದ ತಗ್ಗು ಕಂಡರೆ ಟೈಪ್ 1ಎ, ಜಲಜನಕದ ಗೆರೆ ಕಂಡರೆ ಟೈಪ್ 2. ಅಮೆರಿಕದ ಪಾಲೊಮಾರ್ ಬೆಟ್ಟದಿಂದ ಇಂಥ ಸಿಡಿತ ಹುಡುಕುವ ಜ್ವಿಕಿ ಸಮೀಕ್ಷೆಯ ಕ್ಯಾಮೆರಾ ಒಂದೇ ಸಲಕ್ಕೆ 47 ಚದರ ಡಿಗ್ರಿ ಆಕಾಶ ಹಿಡಿಯುತ್ತದೆ. ಹಾಗಾಗಿ ಸಿಡಿತಗಳು ಬೇಕಾದಷ್ಟು ಸಿಗುತ್ತವೆ, ರೋಹಿತ ಮಾತ್ರ ಕೆಲವಕ್ಕಷ್ಟೇ. ಆ ಒಂದೊಂದಕ್ಕೂ ಯಾರೋ ನಿದ್ದೆಗೆಟ್ಟಿರುತ್ತಾರೆ.

ಅಂಥ ಒಂದು ರಾತ್ರಿ ನಾನೂ ಹೊಸಕೋಟೆಯಲ್ಲಿದ್ದೆ. ಅಕ್ಟೋಬರ್, ಹೊರಗೆ ಧೋ ಅಂತ ಮಳೆ. ಅಲ್ಲಿಂದ ನಡೆಸುವ 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇರುವುದು ಲಡಾಖ್‌ನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ. ಅಲ್ಲಿ ಆಕಾಶ ಶುಭ್ರವಾಗಿತ್ತು. ಬೆಳಗಿನ ಜಾವ ಮೂರಕ್ಕೆ ಆಪರೇಟರ್ ಅಣ್ಣ ಟೀ ಲೋಟ ಪಕ್ಕಕ್ಕಿಟ್ಟು, "ಇನ್ನೊಂದು ಎಕ್ಸ್‌ಪೋಷರ್ ತಗೊಳ್ಳೋಣ ತಡಿಯಮ್ಮ, ಇದರಲ್ಲಿ ಗದ್ದಲ ಜಾಸ್ತಿ" ಅಂದರು. ಗದ್ದಲ ಅಂದರೆ ರೋಹಿತದ ಗೆರೆಗಳನ್ನು ಮುಚ್ಚಿಹಾಕುವ ಏರುಪೇರು. ಅದರಲ್ಲಿ ಸಿಲಿಕಾನ್ ತಗ್ಗು ಎದ್ದು ಕಂಡಿತು. ಅಣ್ಣಾ, ನಿಮಗೆ ತುಂಬಾ ಥ್ಯಾಂಕ್ಸ್.

ಎರಡನೇ ವರ್ಷ ಕಷ್ಟದ್ದು. ಫಲಿತಾಂಶ ಎಷ್ಟು ಚೆನ್ನಾಗಿತ್ತೆಂದರೆ ಲ್ಯಾಬಿನ ಅಕ್ಕನಿಗೆ ಅನುಮಾನ ಬಂತು. ಅವಳೇ ರಾತ್ರಿ ಕೂತು ನನ್ನ ಕೋಡ್ ಸಾಲು ಸಾಲಾಗಿ ಓದಿದಳು. ಒಂದೇ ಸೂಪರ್‌ನೋವಾದ ಹಸಿರು ಫಿಲ್ಟರ್ ಮಾಹಿತಿ ಕಲಿಕೆಗೆ, ಕೆಂಪು ಫಿಲ್ಟರ್‌ನದು ಪರೀಕ್ಷೆಗೆ ಹೋಗಿತ್ತು! ಅಂದರೆ ಪ್ರೋಗ್ರಾಂ ಮೊದಲೇ ಕಂಡ ಸೂಪರ್‌ನೋವಾವನ್ನೇ ಪರೀಕ್ಷೆಯಲ್ಲಿ ಗುರುತಿಸುತ್ತಿತ್ತು. ಎಂಟು ತಿಂಗಳ ಕೆಲಸ ಹೋಯಿತು. ಸರಿಮಾಡಿದ ಮೇಲೆ ಪ್ರೋಗ್ರಾಂ ಕಂಡದ್ದನ್ನೆಲ್ಲ 1ಎ ಅನ್ನತೊಡಗಿತು. ಹೆಚ್ಚು ಹೊಳೆಯುವುದು ಅವೇ, ಹಾಗಾಗಿ ಕಲಿಕೆಗೆ ಕೊಟ್ಟ ಮಾಹಿತಿಯಲ್ಲಿ ಅವೇ ಜಾಸ್ತಿ. ಗೈಡ್ ಸರ್ ಒಂದು ಮಾತೂ ಗದರಲಿಲ್ಲ. "ಪೇಪರ್ ಹೋಗೋ ಮೊದಲೇ ಗೊತ್ತಾಯ್ತಲ್ಲ. ಊರಿಗೆ ಹೋಗಿ ನಾಲ್ಕು ದಿನ ಇದ್ದು ಬಾ" ಅಂದರು. ಆ ನಾಲ್ಕು ದಿನ ನನ್ನನ್ನು ಉಳಿಸಿತು, ಸರ್.

ಇನ್ನು, ನಾನು ಯಾವತ್ತೂ ನೋಡಿರದವರು. ರೋಹಿತ ತೆಗೆದು, ಬಗೆ ಗುರುತಿಸಿ, ಎಲ್ಲರಿಗೂ ಸಿಗುವಂತೆ ಹಾಕಿದವರು. ಪ್ರತಿ ವರದಿಯಲ್ಲೂ ಅವರ ಹೆಸರಿರುತ್ತದೆ. ನನ್ನ ಪ್ರೋಗ್ರಾಂ ಕಲಿತ ಪ್ರತಿಯೊಂದು ಸೂಪರ್‌ನೋವಾದ ಮುಂದೆ ಆ ಹೆಸರುಗಳನ್ನು ಬರೆದು ಥೀಸಿಸ್‌ಗೆ ಸೇರಿಸಿದ್ದೇನೆ.