‘ಇತಿಹಾಸಕ್ಕೆ ನಿಷ್ಠ’ ಎಂದು ಮಾರಿದ ಕಾದಂಬರಿಯ ಬಗ್ಗೆ ದೂರು

ಇಂದ: ಓದುಗರ ಬಳಗ, ಕಲಬುರಗಿ
ಗೆ: ವ್ಯವಸ್ಥಾಪಕರು, ಪುಸ್ತಕ ಪ್ರಕಾಶನ, ಬೆಂಗಳೂರು

ವಿಷಯ: ಅನುವಾದಿತ ಕಾದಂಬರಿಯಲ್ಲಿನ ತಪ್ಪುಗಳು ಮತ್ತು ಬೈಂಡಿಂಗ್ ದೋಷ

ಮಾನ್ಯರೇ,

ಎರಡನೇ ಮಹಾಯುದ್ಧದ ಇಂಗ್ಲೆಂಡಿನಲ್ಲಿ ಕಪ್ಪು ಅಮೆರಿಕನ್ ಸೈನಿಕನನ್ನು ಪ್ರೀತಿಸಿದ ಬಿಳಿ ಹುಡುಗಿಯ ಕಥೆಯೆಂದು ತಾವು ಪ್ರಕಟಿಸಿದ ಕಾದಂಬರಿಯ ಐದು ಪ್ರತಿ ತರಿಸಿದ್ದೆವು. ಬೆನ್ನುಡಿಯಲ್ಲಿ ‘ಇತಿಹಾಸಕ್ಕೆ ನಿಷ್ಠ’ ಎಂದಿದೆ. ನಮ್ಮ ತಕರಾರು ಆ ಮಾತಿನ ಮೇಲೆಯೇ.

61ನೇ ಪುಟದಲ್ಲಿ, 1943ರಲ್ಲಿ, ಇಬ್ಬರೂ ಪಾದ್ರಿಯ ಬಳಿ ಹೋಗಿ ಮರುದಿನವೇ ಮದುವೆಯಾಗುತ್ತಾರೆ. ಅಷ್ಟು ಸಲೀಸಾಗಿ ನಡೆಯುವ ಮಾತಲ್ಲ ಇದು. ಅಮೆರಿಕನ್ ಸೈನಿಕ ಮದುವೆಯಾಗಲು ಮೇಲಧಿಕಾರಿಯ ಅನುಮತಿ ಬೇಕಿತ್ತು. ಕಪ್ಪು ಸೈನಿಕನ ಅರ್ಜಿಯಲ್ಲಿ ಬಿಳಿ ಹುಡುಗಿಯ ಹೆಸರಿದ್ದರೆ ಸಾಮಾನ್ಯವಾಗಿ ಅನುಮತಿ ಸಿಗುತ್ತಿರಲಿಲ್ಲ. ಆಗಿನ 48 ಅಮೆರಿಕನ್ ರಾಜ್ಯಗಳಲ್ಲಿ 30ರಲ್ಲಿ ಇಂಥ ಮದುವೆಗೆ ಕಾನೂನೇ ಅಡ್ಡಿ. ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾನೂನುಗಳನ್ನು ತೆಗೆದುಹಾಕಿದ್ದು 1967ರಲ್ಲಿ. ಬ್ರಿಟನ್ನಿನಲ್ಲಿ ಇಂಥ ಜೋಡಿಗಳಿಗೆ ಹುಟ್ಟಿದ ಸುಮಾರು 2,000 ಮಕ್ಕಳಲ್ಲಿ ಅನೇಕರು ತಂದೆಯನ್ನು ಕಾಣದೆ ಬೆಳೆದರು. ಇಂಥ ಮನೆತನಗಳ ಗುಟ್ಟಿನ ಬೇರು ಹೀಗೆ ತಿರಸ್ಕೃತವಾದ ಮದುವೆ ಅರ್ಜಿಯಲ್ಲಿತ್ತು. ಕಾದಂಬರಿ ಅದನ್ನು ಮುಟ್ಟದೆ ಎಲ್ಲವನ್ನೂ ಅಜ್ಜಿಯ ಹಟಕ್ಕೆ ಕಟ್ಟಿದೆ. ರಜಾಕಾರರ ಕಾಲದ ಮಾತೆತ್ತಿದರೆ ಹಿರಿಯರು ಸುಮ್ಮನಾಗುವ ನಮ್ಮ ಭಾಗದ ಓದುಗರಿಗೆ, ಮನೆಯೊಳಗಿನ ಮೌನಕ್ಕೆ ಹೊರಗಿನ ಭಯ ಎಷ್ಟು ಕಾರಣವೆಂದು ಹೇಳಿಕೊಡಬೇಕಿಲ್ಲ.

ಇದಕ್ಕಿಂತ ದೊಡ್ಡ ಎಡವಟ್ಟು ಉತ್ತರಾರ್ಧದಲ್ಲಿದೆ. ಈ ಜೋಡಿಯ, ದತ್ತು ಹೋದ ಮಗಳು 1966ರಲ್ಲಿ ಲಂಡನ್ನಿನ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ಮೂಲ ಜನನ ಪ್ರಮಾಣಪತ್ರ ಪಡೆಯುತ್ತಾಳೆ. ಇಂಗ್ಲೆಂಡಿನಲ್ಲಿ ದತ್ತುಮಕ್ಕಳಿಗೆ ಆ ಹಕ್ಕು ಕೊಟ್ಟಿದ್ದೇ 1975ರ ಕಾಯ್ದೆ. ಆ ಒಂದು ಕಾಗದ ಕೈಗೆ ಸಿಗದಿದ್ದರೆ ಮುಂದಿನ ನೂರೈವತ್ತು ಪುಟ ನಡೆಯುವುದೇ ಇಲ್ಲ. 1943ರಲ್ಲಿ ಬ್ರೆಡ್ಡಿಗೆ ರೇಷನ್ ಎಂಬುದೂ ತಪ್ಪು. ಅದು ಬಂದದ್ದು ಯುದ್ಧ ಮುಗಿದ ಮೇಲೆ, 1946ರಲ್ಲಿ.

ಅನುವಾದದಲ್ಲಿ ಸೈನ್ಯದ ‘ಟ್ರಕ್ ಕಂಪನಿ’ ಎಲ್ಲ ಕಡೆ ‘ಲಾರಿ ಸಂಸ್ಥೆ’ ಆಗಿದೆ. ಇಲ್ಲಿ ಕಂಪನಿ ಎಂದರೆ ಸೇನಾ ತುಕಡಿ. ಓದುಗರು ಕಥಾನಾಯಕನನ್ನು ಖಾಸಗಿ ಡ್ರೈವರ್ ಎಂದುಕೊಳ್ಳುತ್ತಾರೆ.

ಎರಡು ಪ್ರತಿಗಳಲ್ಲಿ 177ರಿಂದ 192ರವರೆಗಿನ ಪುಟಗಳ ಫಾರಂ (ಒಟ್ಟಿಗೆ ಮಡಚಿ ಹೊಲಿಯುವ 16 ಪುಟಗಳ ಕಟ್ಟು) ಎರಡು ಸಲ ಸೇರಿದೆ, 193ರಿಂದ 208ರವರೆಗಿನದು ಇಲ್ಲವೇ ಇಲ್ಲ. ಹೊಲಿಗೆಗೆ ಮುನ್ನ ಫಾರಂ ಜೋಡಿಸುವಾಗ ಯಾರೂ ನೋಡಿಲ್ಲ.

ಈ ಎರಡನ್ನು ತಮ್ಮ ಖರ್ಚಿನಲ್ಲಿ ಬದಲಿಸಿಕೊಡಿ, ಉಳಿದ ಮೂರನ್ನು ಹಿಂಪಡೆದು ಹಣ ಮರಳಿಸಿ. ಮರುಮುದ್ರಣದಲ್ಲಿ ಬೆನ್ನುಡಿಯ ಆ ಸಾಲು ತೆಗೆಯಿರಿ, ‘ಕಂಪನಿ’ ತಿದ್ದಿಸಿ, ಮದುವೆ ಮತ್ತು ದತ್ತು ಕಾನೂನಿನ ಬಗ್ಗೆ ಒಂದು ಪುಟದ ಟಿಪ್ಪಣಿ ಸೇರಿಸಿ. ಬಿಲ್ಲಿನ ನಕಲು ಮತ್ತು ದೋಷವಿರುವ ಪುಟಗಳ ಫೋಟೊ ಲಗತ್ತಿಸಿದ್ದೇವೆ. ಹದಿನೈದು ದಿನದೊಳಗೆ ಲಿಖಿತ ಉತ್ತರ ಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿಗಳು,
ಬಳಗದ ಪರವಾಗಿ ಸಂಚಾಲಕರು
ಕಲಬುರಗಿ