ಕೆರೆ ತುಂಬಿದೆ, ಕುಂಬಾರರಿಗೆ ಒಂದು ಮೂಲೆ ಮಣ್ಣು ಬಿಡಿ

ಮಾನ್ಯ ಸಂಪಾದಕರೇ,

ನಾವು ಕೋಲಾರದ ಕಡೆ ಕುಂಬಾರಿಕೆ ಮಾಡೋರು. ಮನೇಲಿ ಚಕ್ರ ತಿರುಗಿಸೋದು ಯಜಮಾನ್ರು, ಮಣ್ಣು ನೋಡ್ಕೊಳ್ಳೋದು ನಾನು. ಬೇಸಿಗೆ ಬಂದ್ರೆ ಮಡಕೆ ನೀರು ಕುಡೀರಿ ಆರೋಗ್ಯಕ್ಕೆ ಒಳ್ಳೇದು ಅಂತ ಎಲ್ಲಾ ಕಡೆ ಬರುತ್ತೆ, ಓದಿ ಖುಷಿ ಆಗುತ್ತೆ, ಆದ್ರೆ ಆ ಮಡಕೆಗೆ ಬೇಕಾದ ಮಣ್ಣು ಈಗ ಈ ಧನುರ್ಮಾಸದ ಚಳೀಲೇ ಹದಕ್ಕೆ ಬರ್ಬೇಕು ಅನ್ನೋದನ್ನ ಯಾರೂ ಬರೆಯಲ್ಲ. ಪುಷ್ಯದಲ್ಲಿ ಮದುವೆ ಇಲ್ಲ, ಮಾಘ ಹುಟ್ತಿದ್ದ ಹಾಗೆ ಮದುವೆ ಶಾಸ್ತ್ರದ ಅರಿವೇಣಿಗೆ ಮಡಕೆ ಬೇಕು ಅಂತ ಬರ್ತಾರೆ, ಶಿವರಾತ್ರಿ ಕಳೀತು ಅಂದ್ರೆ ನೀರಿನ ಮಡಕೆ ಶುರು. ಇರೋ ಟೈಮು ಇದೊಂದೇ ತಿಂಗಳು.

ಮೊದಲೆಲ್ಲಾ ಇಷ್ಟು ಕಷ್ಟ ಇರ್ಲಿಲ್ಲ. ಬೇಸಿಗೇಲಿ ಕೆರೆ ಬತ್ತಿ ಅಂಗಳ ಬಿರುಕು ಬಿಡ್ತಿತ್ತು, ಯುಗಾದಿ ಮುಗಿಸಿ ಗಾಡಿ ಕಟ್ಟಿದ್ರೆ ವರ್ಷಕ್ಕಾಗೋಷ್ಟು ಮಣ್ಣು ಹಿತ್ತಲಿಗೆ ಬಂದು ಬೀಳ್ತಿತ್ತು, ಬಿಸಿಲಿಗೆ ಅಲ್ಲೇ ಒಣಗಿ ಕಲ್ಲಾಗಿರ್ತಿತ್ತು. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ನಮ್ಮ ಕಡೆ ಕಳಿಸೋ ನೀರು, ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಮುಂದೆ ಒಂದೊಂದೇ ಕೆರೆ ತುಂಬ್ಕೊಂಡು ಬಂತು. ನೀರು ಬಂದಿದ್ದಕ್ಕೆ ನಮಗೆ ಬೇಜಾರಿಲ್ಲ, ಸಾವಿರ ಅಡಿ ಬೋರ್ ಕೊರೆಸಿ ಬರೀ ಧೂಳು ನೋಡಿದ ಜನ ನಾವು, ಕೆರೆ ತುಂಬಿದ್ದು ಕಂಡು ನಮ್ಮ ಅತ್ತೆ ಕೈ ಮುಗಿದಿದ್ರು. ಆದ್ರೆ ನಮ್ಮೂರ ಕೆರೆ ಈಗ ಬತ್ತೋದೇ ಇಲ್ಲ. ಮಳೆಗಾಲ ಮುಗಿದು ನೀರು ಅಂಚಲ್ಲಿ ಸ್ವಲ್ಪ ಸರಿದಾಗ ಸಿಕ್ಕಿದ್ದೇ ನಮಗೆ ಮಣ್ಣು, ಅದೂ ತೊಟ್ಟಿಕ್ಕೋ ಮಣ್ಣು.

ಯಾವ ಮಣ್ಣಾದ್ರೂ ಆಗುತ್ತೆ ಅನ್ಕೋಬೇಡಿ. ಮೇಲಿನ ಗೋಡು, ಅಂದ್ರೆ ಹೂಳು ಮಣ್ಣು, ಹೊಲಕ್ಕೆ ಸರಿ, ನಮಗೆ ಬೇಕಾಗಿರೋದು ಅದರ ಕೆಳಗಿರೋ ಅಂಟು ಜೇಡಿ. ಅದ್ರಲ್ಲಿ ಸುಣ್ಣದ ಕಲ್ಲು ಒಂದು ಕಡಲೆಕಾಳಷ್ಟು ಇದ್ರೂ ಮುಗೀತು, ಸುಟ್ಟು ತೆಗೆದಾಗ ಮಡಕೆ ಚೆನ್ನಾಗೇ ಇರುತ್ತೆ, ಆಮೇಲೆ ಆ ಸುಣ್ಣ ತೇವ ಎಳ್ಕೊಂಡು ಉಬ್ಬಿ ಚಕ್ಕೆ ಎಗರಿಸುತ್ತೆ, ಗಿರಾಕಿ ವಾಪಸ್ ತಗೊಂಡು ಬರ್ತಾರೆ.

ಇನ್ನು ತಂದ ಮಣ್ಣು ಇಡೋದು. ಹೆಂಗೂ ನೀರಲ್ಲಿ ನೆನೆಸ್ತೀರಲ್ಲ, ಒದ್ದೆ ಇದ್ರೆ ಏನು ಅಂತ ಎಷ್ಟೋ ಜನ ಕೇಳ್ತಾರೆ. ಪೂರ್ತಿ ಒಣಗಿದ ಹೆಂಟೆ ನೀರಿಗೆ ಹಾಕಿದ್ರೆ ಗುಳುಗುಳು ಅಂತ ಗುಳ್ಳೆ ಬಿಟ್ಟು ತಾನೇ ಕುಸಿದು ಗಂಜಿ ಆಗುತ್ತೆ, ಅದೇ ಅರ್ಧ ಒದ್ದೆ ಹೆಂಟೆ ಹಾಕಿ ನೋಡಿ, ಮೇಲೆ ಜಾರುತ್ತೆ ಒಳಗೆ ಹಂಗೇ ಗಟ್ಟಿ, ವಾರ ಆದ್ರೂ ಕರಗಲ್ಲ, ಆ ಗಂಟು ಚಕ್ರದ ಮೇಲೆ ಕೈಗೆ ಸಿಕ್ತು ಅಂದ್ರೆ ಮಡಕೆ ಸೊಟ್ಟ. ನಮ್ಮ ಅತ್ತೆ ಹೆಂಟೇನ ಕೆನ್ನೆಗೆ ಒತ್ತಿ ನೋಡೋರು, ತಣ್ಣಗಿದ್ರೆ ಇನ್ನೂ ತೇವ ಇದೆ ಅಂತ. ಈ ಚಳೀಲಿ ಎಲ್ಲಾ ಹೆಂಟೇನೂ ತಣ್ಣಗೇ ಇರುತ್ತೆ, ಅದಕ್ಕೆ ನಾನು ಒಂದನ್ನ ಒಡೆದು ನೋಡ್ತೀನಿ, ನಡುವೆ ಕಪ್ಪಗಿದ್ರೆ ಮತ್ತೆ ಬಿಸಿಲಿಗೆ. ಹೆಂಟೆ ರಾಗಿಮುದ್ದೆಗಿಂತ ದೊಡ್ಡದಿರಬಾರ್ದು, ಸಂಜೆ ಮಂಜು ಇಳಿಯೋ ಮುಂಚೆ ಟಾರ್ಪಾಲ್ ಹೊದಿಸ್ಬೇಕು, ಬೆಳಗ್ಗೆ ಬಿಸಿಲು ಬಿದ್ದ ಕೂಡ್ಲೆ ತೆಗೀಬೇಕು, ಮರೆತ್ರೆ ಟಾರ್ಪಾಲ್ ಒಳಗಡೆ ಬೆವರಿ ತೊಟ್ಟಿಕ್ಕಿ ಮಣ್ಣು ಮೊದಲಿಗಿಂತ ಒದ್ದೆ.

ಹೋದ ವರ್ಷ ಡಿಸೆಂಬರಲ್ಲಿ ಹಿಂಗೇ ಒಣಗಿಸಿ ಇಟ್ಟಿದ್ದು, ಇನ್ನೆರಡು ದಿನ ಇದ್ರೆ ನೆನೆಸೋ ಗುಂಡಿಗೆ ಹಾಕ್ತಿದ್ವಿ, ಒಂದು ರಾತ್ರಿ ಗಾಳಿ ಮಳೆ ಹೊಡೀತು, ಟಾರ್ಪಾಲ್ ಹಾರಿ ಬೇಲಿ ಮೇಲೆ, ಬೆಳಗ್ಗೆ ಎದ್ದು ನೋಡಿದ್ರೆ ಒಂದು ಲೋಡಲ್ಲಿ ಅರ್ಧ ಚರಂಡೀಲಿ ಹರಿದು ಹೋಗಿತ್ತು. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತಾರಲ್ಲ, ನಮಗೆ ಮಡಕೆ ಆಗೋ ಮುಂಚೇನೇ ಆ ನಿಮಿಷ ಬಂತು. ಮತ್ತೆ ಮಣ್ಣಿಗೆ ಅಂತ ಹೋದ್ರೆ ಕೆರೆ ಹತ್ರ ಟ್ರ್ಯಾಕ್ಟರ್ ನಿಲ್ಲಿಸಿದ್ರು, ಪರ್ಮಿಷನ್ ಲೆಟರ್ ತನ್ನಿ ಅಂದ್ರು, ಲೆಟರ್ ಎಲ್ಲಿ ಸಿಗುತ್ತೆ ಅಂದ್ರೆ ಒಬ್ರು ಇನ್ನೊಬ್ಬರ ಕಡೆ ಕೈ ತೋರಿಸಿದ್ರು, ಹಂಗೇ ಹತ್ತು ದಿನ ಹೋಯ್ತು.

ನೆನೆಸಿದ ಮೇಲೂ ಚಳಿ ಬಿಡಲ್ಲ. ಮೊನ್ನೆ ಬೆಳಗ್ಗೆ ಮೊಬೈಲಲ್ಲಿ 13 ಡಿಗ್ರಿ ತೋರಿಸ್ತಿತ್ತು, ಆ ಹೊತ್ತಲ್ಲಿ ಮಣ್ಣು ತುಳಿಯೋಕೆ ಇಳಿದ್ರೆ ಮಂಡಿವರೆಗೂ ಜೋಮು ಹಿಡಿಯುತ್ತೆ, ಹಂಡೆಯಿಂದ ಒಂದು ಬಿಂದಿಗೆ ಬಿಸಿನೀರು ಸುರಿದ್ರೆ ಸ್ವಲ್ಪ ಪರವಾಗಿಲ್ಲ. ಬೇಸಿಗೇಲಿ ಎಂಟು ದಿನಕ್ಕೆ ಹುಳಿವಾಸನೆ ಬಂದು ಹದ ಆಗೋ ಮಣ್ಣು ಈಗ ಹದಿನೈದು ದಿನ ಗೋಣಿತಾಟು ಹೊದ್ದು ಮಲಗಿದ್ರೂ ಸಾಲಲ್ಲ.

ಕೈಕಸುಬಿನವರಿಗೆ ಅಂತ ಕೇಂದ್ರ ಸರ್ಕಾರದಿಂದ 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಸ್ಕೀಮಲ್ಲಿ ಕುಂಬಾರರನ್ನೂ ಸೇರಿಸಿದ್ದಾರೆ, ಟೂಲ್‌ಕಿಟ್‌ಗೆ 15,000 ರೂಪಾಯಿ ಇದೆ, ಒಳ್ಳೇದೇ. ಆದ್ರೆ ಚಕ್ರದ ಮೇಲೆ ಹಾಕೋಕೆ ಮಣ್ಣೇ ಇಲ್ಲದಿದ್ರೆ ಆ ಟೂಲ್ ಇಟ್ಕೊಂಡು ಏನು ಮಾಡೋಣ? ನಾವು ಕೇಳೋದು ಇಷ್ಟೇ. ಕುಂಬಾರರಿರೋ ಊರ ಕೆರೇಲಿ ಒಂದು ಮೂಲೆ ಗುರುತು ಮಾಡಿ, ಸಂಕ್ರಾಂತಿ ಮುಂಚೆ ಮಣ್ಣು ತೆಗೆಯೋಕೆ ಪಂಚಾಯ್ತೀಲೇ ಲೆಟರ್ ಸಿಗೋ ಹಾಗೆ ಮಾಡಿ. ಹೂಳು ತೆಗೆಸುವಾಗ ಜೆಸಿಬಿಯವರಿಗೆ ಹೇಳಿ ಕೆಳಗಿನ ಜೇಡೀನ ಗೋಡಿನ ಜೊತೆ ಬೆರೆಸದೆ ದಡದಲ್ಲಿ ಬೇರೆ ಹಾಕಿಸಿ. ಊರಿಗೊಂದು ಶೀಟಿನ ಶೆಡ್ಡು, ಕೆಳಗೆ ಸಿಮೆಂಟು, ಗೋಡೆ ಇಲ್ಲದಿದ್ರೂ ನಡೆಯುತ್ತೆ, ಗಾಳಿ ಆಡ್ಬೇಕು ಮಳೆ ಬೀಳ್ಬಾರ್ದು ಅಷ್ಟೇ.

ನಮ್ಮೂರಲ್ಲಿ ಈಗ ಚಕ್ರ ತಿರುಗ್ತಿರೋದು ನಾಲ್ಕೇ ಮನೇಲಿ. ಈ ಸಲ ಮಳೆಗೆ ಹೆದರಿ ಒಣಗಿದ ಮಣ್ಣೆಲ್ಲಾ ಮೂಟೆ ಕಟ್ಟಿ ನಡುಮನೇಲಿ ಮಂಚದ ಕೆಳಗೆ ತಳ್ಳಿದ್ದೀನಿ, ಇನ್ನು ಆರು ಮೂಟೆ ಪಡಸಾಲೇಲಿದೆ, ಮಗಳು ಅದರ ಮೇಲೇ ಕೂತು ಓದ್ಕೊಳ್ತಾಳೆ.

ಇಂತಿ,
ಮಣ್ಣಿನ ಕೆಲಸದ ಒಬ್ಬ ಹೆಣ್ಣುಮಗಳು,
ಕೋಲಾರ ತಾಲ್ಲೂಕು